ಕಡತ ಲಭ್ಯವಿಲ್ಲ

ಮೊನ್ನೆ ಭಾನುವಾರ ಅಟ್ಟದ ಮೇಲಿದ್ದ ಹಳೇ ಸೂಟ್‌ಕೇಸ್ ಇಳಿಸಿ ಕಾಗದ ಪತ್ರ ವಿಂಗಡಿಸ್ತಾ ಕೂತಿದ್ದೆ. ಕರೆಂಟ್ ಬಿಲ್ಲು, ಯಾರದೋ ಮದುವೆ ಕರೆಯೋಲೆ, ಎಂದೋ ತೀರಿದ ಸಾಲದ ರಸೀದಿ... ಇವುಗಳ ಮಧ್ಯೆ ಒಂದು ಕಂದು ಲಕೋಟೆ ಸಿಕ್ಕಿತು. ಒಳಗೆ 2007ರ ಒಂದು ಹಿಂಬರಹ. ಹಿಂಬರಹ ಅಂದ್ರೆ ಗೊತ್ತಲ್ಲ, ನಾವು ಕೊಟ್ಟ ಅರ್ಜಿಗೆ ಸರ್ಕಾರಿ ಕಚೇರಿಯವರು ಬರೆದು ಕೊಡೋ ಉತ್ತರ. ಅದರಲ್ಲಿ ಇದ್ದದ್ದು ಒಂದೇ ಸಾಲು: ತಾವು ಕೋರಿರುವ ಕಡತವು ಹಳೆಯದಾಗಿರುವುದರಿಂದ ಲಭ್ಯವಿರುವುದಿಲ್ಲ. ಕೆಳಗೆ ಒಂದು ಸಹಿ, ಒಂದು ದುಂಡು ಮೊಹರು.

ಈಗ ಓದಿದರೆ ನಗು ಬರುತ್ತೆ. ಆವತ್ತು ಬಂದಿರಲಿಲ್ಲ.

ನಮ್ಮೂರು ಕಡೂರು, ತರೀಕೆರೆ, ಅಜ್ಜಂಪುರ ಈ ಮೂರರ ನಡುವೆ ಎಲ್ಲೋ ಒಂದು ಕಡೆ ಇದೆ ಅಂದುಕೊಳ್ಳಿ. ಊರಿನ ಹೆಸರು ಬೇಡ, ಕಚೇರಿಯ ಹೆಸರೂ ಬೇಡ. ಅಲ್ಲಿದ್ದವರೆಲ್ಲ ನಿವೃತ್ತರಾಗಿ ಮೊಮ್ಮಕ್ಕಳನ್ನ ಆಡಿಸ್ತಿರ್ತಾರೆ. ಲಕೋಟೆ ಕೈಗೆ ಸಿಕ್ಕ ಮೇಲೆ ನನ್ನ ತಲೆಯಲ್ಲಿ ಉಳಿದದ್ದು 'ಕಡತ' ಅನ್ನೋ ಪದ. ಸರ್ಕಾರದ ಹತ್ತಿರ ಇರೋ ಕಾಗದವನ್ನ ನೋಡೋ ಹಕ್ಕು ನಮ್ಮ ಸೀಮೆಯ ಜನರಿಗೆ ಯಾವಾಗ ಬಂತು? ಎಲ್ಲರೂ 2005 ಅಂತಾರೆ. ಆದರೆ ಕಾಗದ ಅದಕ್ಕಿಂತ ಮೊದಲೂ ಇತ್ತಲ್ಲ, ಅದು ಯಾರ ಮನೆಯಲ್ಲಿತ್ತು?

ಕಡತ ಅಂದರೆ ಈಗ ಫೈಲು. ಮೊದಲು ಹಾಗಿರಲಿಲ್ಲ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಇಡುತ್ತಿದ್ದ ಪುಸ್ತಕ ಅದು. ಅದರ ಮೇಲೆ ಬಳಪದಲ್ಲಿ ಬರೆಯೋರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು! ಶಾನುಭೋಗರು ಊರಿನ ಲೆಕ್ಕ ಇಡ್ತಿದ್ದದ್ದು ಇಂಥದರಲ್ಲೇ. ಆಮೇಲೆ ಕಾಗದ ಬಂತು, ದಫ್ತರ ಬಂತು. ಆದರೆ ದಫ್ತರ ಇರ್ತಿದ್ದದ್ದು ಶಾನುಭೋಗರ ಮನೆಯಲ್ಲೇ. ವಂಶಪಾರಂಪರ್ಯದ ಕೆಲಸ, ಅಪ್ಪನಿಂದ ಮಗನಿಗೆ. ನಿಮ್ಮ ಹೊಲ ಎಷ್ಟು, ಕಂದಾಯ ಎಷ್ಟು, ಬಾಕಿ ಎಷ್ಟು ಅನ್ನೋದು ತಿಳೀಬೇಕಾದರೆ ಅವರ ಮನೆ ಜಗಲಿ ಮುಂದೆ ನಿಲ್ಲಬೇಕು. ಜಗಲಿ ಹತ್ತಬಹುದೋ ಇಲ್ಲವೋ ಅನ್ನೋದು ನಿಮ್ಮ ಜಾತಿ ಮೇಲೆ ಇತ್ತು, ಅದನ್ನ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ಶಾನುಭೋಗರೂ ಕೆಟ್ಟವರಾಗಿರಲಿಲ್ಲ. ಹಿರಿಯರು ಕೆಲವರನ್ನ ಈಗಲೂ ಕೈಮುಗಿದು ನೆನೆಸಿಕೊಳ್ತಾರೆ. ಆದರೆ ಒಳ್ಳೆಯವರು ಸಿಕ್ಕಿದ್ದು ನಮ್ಮ ಅದೃಷ್ಟ ಅಷ್ಟೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮೇಲೆ ಶಾನುಭೋಗರು ಹೋದರು, ಸಂಬಳದ ಗ್ರಾಮ ಲೆಕ್ಕಿಗರು ಬಂದರು. ದಫ್ತರ ಜಗಲಿಯಿಂದ ಇಳಿದು ಲೆಕ್ಕಿಗರ ಬಗಲ ಚೀಲಕ್ಕೆ ಬಂತು.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಕಡೆ ದಾಖಲೆ ಕಲ್ಲಿನ ಮೇಲಿತ್ತು. ತರೀಕೆರೆಯಿಂದ ಸ್ವಲ್ಪ ದೂರದ ಅಮೃತಾಪುರಕ್ಕೆ ಹೋಗಿದ್ದೀರಾ? ಹೋಗಿಲ್ಲದಿದ್ದರೆ ಹೋಗಿ ಬನ್ನಿ, ಬೇಲೂರು ಹಳೇಬೀಡಿನ ಜನಜಂಗುಳಿ ಅಲ್ಲಿಲ್ಲ. ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ. ಅಲ್ಲಿನ ಶಾಸನ ಕವಿ ಜನ್ನನ ರಚನೆ ಅಂತ ವಿದ್ವಾಂಸರು ಗುರುತಿಸಿದ್ದಾರೆ. ಸರ್ಕಾರಿ ದಾಖಲೆ ಬರೆಯೋಕೆ ಕವಿಚಕ್ರವರ್ತಿ! ಇವತ್ತಿನ ಹಿಂಬರಹಗಳನ್ನ ಓದುವಾಗ ನನಗೆ ಇದು ನೆನಪಾಗಿ ಹೊಟ್ಟೆ ಉರಿಯುತ್ತೆ.

ದಾನ ಶಾಸನಗಳಲ್ಲಿ ಕೊಟ್ಟವರು ಯಾರು, ತಗೊಂಡವರು ಯಾರು, ಭೂಮಿ ಎಷ್ಟು, ಗಡಿ ಎಲ್ಲಿಂದ ಎಲ್ಲಿಗೆ, ಯಾವ ಕೆರೆ ಯಾವ ಕಲ್ಲು ಅಂತೆಲ್ಲ ಬರೆದು, ಕೊನೆಗೆ ಇದನ್ನ ಅಳಿಸಿದವನಿಗೆ ಪಾಪ ತಟ್ಟುತ್ತೆ ಅಂತ ಎಚ್ಚರಿಕೆ ಕೊಟ್ಟು, ಎಲ್ಲರೂ ಓಡಾಡೋ ಜಾಗದಲ್ಲಿ ನಿಲ್ಲಿಸ್ತಿದ್ದರು. ಓದೋಕೆ ಬರ್ತಿದ್ದವರು ಎಷ್ಟು ಮಂದಿ ಅನ್ನೋದು ಬೇರೆ ಮಾತು. ಬಿ.ಎಲ್. ರೈಸ್ ಈ ಸೀಮೆಯ ಶಾಸನಗಳನ್ನೆಲ್ಲ ಸೇರಿಸಿ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟ ತಂದರು. ಅದರ ಹೆಸರೇ ಕಡೂರು ಜಿಲ್ಲೆಯ ಶಾಸನಗಳು. ಹೌದು, ಕಡೂರು ಜಿಲ್ಲೆ! ಇವತ್ತಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಇದ್ದದ್ದು ಆ ಹೆಸರೇ. ಜಿಲ್ಲೆಯಾದ ಕೆಲವೇ ವರ್ಷಗಳಲ್ಲಿ ಕಚೇರಿಗಳು ಚಿಕ್ಕಮಗಳೂರಿಗೆ ಹೋದವು, ಹೆಸರು ಮಾತ್ರ ನಮ್ಮ ಹತ್ತಿರ ಉಳಿಯಿತು.

ಲೆಕ್ಕ ಜನರಿಗೆ ಕಾಣದೆ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ, 1830ರ ನಗರ ದಂಗೆಯನ್ನೇ ನೋಡಿ. ಆಗ ಮೈಸೂರು ಸಂಸ್ಥಾನದಲ್ಲಿ ಶರತ್ತಿನ ಪದ್ಧತಿ. ಅಮಲ್ದಾರ ಇಷ್ಟು ಕಂದಾಯ ವಸೂಲಿ ಮಾಡಿ ಕೊಡ್ತೀನಿ ಅಂತ ಶರತ್ತು ಬರೆದುಕೊಡಬೇಕು. ಬೆಳೆ ಆದರೂ ಅಷ್ಟೆ, ಹೋದರೂ ಅಷ್ಟೆ. ರೈತ ಕೊಟ್ಟದ್ದೆಷ್ಟು, ಖಜಾನೆಗೆ ಹೋದದ್ದೆಷ್ಟು, ನಡುವೆ ಕರಗಿದ್ದೆಷ್ಟು ಅನ್ನೋದು ರೈತನಿಗೆ ಗೊತ್ತಾಗುವ ದಾರಿಯೇ ಇಲ್ಲ. ರೈತರು ಕೂಟ ಸೇರಿದರು, ಕಂದಾಯ ಕಟ್ಟಲ್ಲ ಅಂದರು. ದಂಗೆ ನಗರದ ಕಡೆಯಿಂದ ಹಬ್ಬಿ ನಮ್ಮ ತನಕ ಬಂತು, ತರೀಕೆರೆಯ ಪಾಳೆಯಗಾರರ ಮನೆತನವೂ ಸೇರಿಕೊಂಡಿತು. ದಂಗೆ ಅಡಗಿತು. ಆದರೆ ಅದೇ ನೆಪದಲ್ಲಿ 1831ರಲ್ಲಿ ಬ್ರಿಟಿಷರು ಆಡಳಿತವನ್ನೇ ತೆಗೆದುಕೊಂಡರು. ಐವತ್ತು ವರ್ಷ ಕಮಿಷನರುಗಳ ಕಾಲ. 1863ರಲ್ಲಿ ಕಂದಾಯ ಸರ್ವೆ ಶುರುವಾಗಿ ಹೊಲಗಳಿಗೆ ಸರ್ವೆ ನಂಬರು ಬಂದದ್ದು ಆ ಕಾಲದಲ್ಲೇ. ಅಲ್ಲಿಯವರೆಗೆ 'ಹುಣಸೇಮರದ ಹೊಲ' ಆಗಿದ್ದದ್ದು ಒಂದು ಅಂಕಿ ಆಯಿತು.

1881ರಲ್ಲಿ ರಾಜ್ಯ ಒಡೆಯರಿಗೆ ವಾಪಸ್ ಬಂತು. ಅದೇ ವರ್ಷ ದಿವಾನ್ ರಂಗಾಚಾರ್ಲು ಒಂದು ಕೆಲಸ ಮಾಡಿದರು. ನನಗೆ ಇಡೀ ಕತೆಯಲ್ಲಿ ತುಂಬ ಇಷ್ಟವಾಗೋ ಭಾಗ ಇದು. ಸರ್ಕಾರ ಏನು ಮಾಡ್ತಿದೆ, ಯಾಕೆ ಮಾಡ್ತಿದೆ ಅನ್ನೋದು ಜನರಿಗೆ ತಿಳೀಬೇಕು ಅನ್ನೋ ಉದ್ದೇಶ ಬರೆದು ಆಜ್ಞೆ ಹೊರಡಿಸಿ, ಪ್ರಜಾಪ್ರತಿನಿಧಿ ಸಭೆ ಕರೆದರು. ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ಜಮೀನುದಾರ ರೈತರು, ಜಿಲ್ಲೆಯಿಂದ ಮೂರು ನಾಲ್ಕು ವರ್ತಕರು. ಅಕ್ಟೋಬರ್ 7ರಂದು ಮೈಸೂರಿನಲ್ಲಿ ದಸರಾ ಹೊತ್ತಿಗೆ 144 ಜನ ಸೇರಿದರು. ದಿವಾನರು ಎದ್ದು ನಿಂತು ರಾಜ್ಯದ ಆದಾಯ ಖರ್ಚು, ಆಗಬೇಕಾದ ಕೆಲಸ ಎಲ್ಲ ವರದಿ ಒಪ್ಪಿಸಿದರು. ಸದಸ್ಯರು ತಮ್ಮ ತಮ್ಮ ಸೀಮೆಯ ಅಹವಾಲು ಹೇಳಿದರು.

ಕಡೂರು ಜಿಲ್ಲೆಯಿಂದ ಹೋದವರು ಹೇಗೆ ಹೋಗಿರಬಹುದು ಅಂತ ಯೋಚಿಸ್ತೀನಿ. ಬೆಂಗಳೂರಿನಿಂದ ಕಡೂರು, ಬೀರೂರು, ಅಜ್ಜಂಪುರ ದಾಟಿ ಹರಿಹರಕ್ಕೆ ಹೋಗೋ ರೈಲು ಮಾರ್ಗ ಪೂರ್ತಿಯಾದದ್ದು 1889ರಲ್ಲಿ. ಹಾಗಾಗಿ ಮೊದಲ ಸಭೆಗೆ ಹೊರಟವರಿಗೆ ಎತ್ತಿನ ಗಾಡಿಯೇ ಗತಿ, ದಿನಗಟ್ಟಲೆ ಪ್ರಯಾಣ. ಬುತ್ತಿ ಕಟ್ಟಿಕೊಂಡು, ರುಮಾಲು ಸುತ್ತಿಕೊಂಡು, ಸರ್ಕಾರದ ಲೆಕ್ಕ ಕೇಳೋದಕ್ಕೆ!

ಅತಿ ಹೊಗಳೋದೂ ಬೇಡ. ಆ ಸಭೆಗೆ ಅಧಿಕಾರ ಏನೂ ಇರಲಿಲ್ಲ, ಮತ ಹಾಕಿ ತಡೆಯೋ ಹಾಗಿರಲಿಲ್ಲ. ಹೋದವರೆಲ್ಲ ಆಸ್ತಿವಂತರು. 1891ರಲ್ಲಿ ಚುನಾವಣೆ ಬಂದಾಗಲೂ ಆಸ್ತಿ ಇದ್ದವರಿಗೇ ಮತ. ಕೂಲಿಯವನು ಆ ಲೆಕ್ಕ ಕೇಳಲಿಲ್ಲ, ಹೆಂಗಸರಂತೂ ಇಲ್ಲವೇ ಇಲ್ಲ. 1923ರಲ್ಲಿ ಸಭೆಗೆ ಕಾನೂನಿನ ಆಧಾರ ಸಿಕ್ಕಿತು. ತಮಾಷೆ ನೋಡಿ, ಅದೇ 1923ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಅಧಿಕೃತ ರಹಸ್ಯಗಳ ಕಾಯ್ದೆ ಬಂತು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಕಚೇರಿಗಳು ಮುಂದುವರಿಸಿದ್ದು ರಂಗಾಚಾರ್ಲು ಅವರ ಬುದ್ಧಿಯನ್ನಲ್ಲ, ಈ ರಹಸ್ಯದ ಬುದ್ಧಿಯನ್ನ. ಪ್ರಜಾಪ್ರತಿನಿಧಿ ಸಭೆ 1949ರಲ್ಲಿ ಮುಚ್ಚಿತು, ರಹಸ್ಯದ ಕಾಯ್ದೆ ಇವತ್ತಿಗೂ ಇದೆ.

ಮುಂದಿನದು ನಿಮಗೆಲ್ಲ ಗೊತ್ತಿರೋದೇ, ಬೇಗ ಹೇಳಿಬಿಡ್ತೀನಿ. 1975ರಲ್ಲಿ ರಾಜ್ ನಾರಾಯಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಾರ್ವಜನಿಕ ಕೆಲಸ ಏನು ನಡೀತಿದೆ ಅಂತ ತಿಳಿಯೋ ಹಕ್ಕು ಜನರಿಗಿದೆ ಅಂದಿತು. ಅದು ಕೋರ್ಟಿನ ಪುಸ್ತಕದಲ್ಲೇ ಉಳಿಯಿತು. ನಿಜವಾಗಿ ಕೇಳಿದ್ದು ರಾಜಸ್ಥಾನದ ಕೂಲಿಗಳು. ಬರಗಾಲದ ಕಾಮಗಾರಿಯಲ್ಲಿ ತಮ್ಮ ಹೆಸರಿನ ಮುಂದೆ ಎಷ್ಟು ಕೂಲಿ ಬರೆದಿದ್ದಾರೆ ತೋರಿಸಿ ಅಂತ ಹಾಜರಿ ಪಟ್ಟಿ ಕೇಳಿದರು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕೂತರು. ಹಕ್ಕಿನ ಬೇರು ಇರೋದು ಅಲ್ಲಿ. ತಮಿಳುನಾಡು, ಗೋವಾ 1997ರಲ್ಲೇ ಕಾನೂನು ಮಾಡಿದವು. ನಮ್ಮ ಕರ್ನಾಟಕದ್ದು 2000ದ ಕಾಯ್ದೆ, ಜಾರಿಗೆ ಬಂದದ್ದು 2002ರಲ್ಲಿ. ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ ಪೂರ್ತಿಯಾಗಿ ಜಾರಿಯಾದದ್ದು 2005ರ ಅಕ್ಟೋಬರ್ 12ರಂದು.

ಈಗ ನನ್ನ ಲಕೋಟೆಗೆ ಬರ್ತೀನಿ.

ನಮ್ಮ ಅಪ್ಪ ನೌಕರಿ ಅಂತ ಊರು ಬಿಟ್ಟವರು. ತಮ್ಮ ಪಾಲನ್ನೂ ಅಣ್ಣನಿಗೇ ಬಿಟ್ಟುಕೊಟ್ಟಿದ್ದರು. ದೊಡ್ಡಪ್ಪ 1999ರಲ್ಲಿ ತೀರಿಕೊಂಡರು. 2002ರ ಹೊತ್ತಿಗೆ ಭೂಮಿ ಯೋಜನೆ ಬಂದು ಕೈಬರಹದ ಪಹಣಿ ನಿಂತಿತು. 177 ತಾಲ್ಲೂಕು, ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಹೋಯಿತು. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಪಡೀಬಹುದಿತ್ತು. ಬೆಳೆ ಸಾಲಕ್ಕೆ ಬೇಕು ಅಂತ ದೊಡ್ಡಮ್ಮ ತಮ್ಮ ಜೀವನದಲ್ಲಿ ಮೊದಲನೇ ಸಲ ಪಹಣಿ ತಗೊಂಡರು. ಓದಿಸಿ ನೋಡಿದರೆ 9ನೇ ಕಾಲಂನಲ್ಲಿ, ಖಾತೆದಾರರ ಹೆಸರಿನ ಜಾಗದಲ್ಲಿ, ಮೂರು ಎಕರೆ ಚಿಲ್ಲರೆ ಜಮೀನಿನಲ್ಲಿ 30 ಗುಂಟೆ ನಮ್ಮ ಸೋದರತ್ತೆಯ ಮಗನ ಹೆಸರಲ್ಲಿ!

ಅವರು ನನಗೆ ಭಾವ ಆಗಬೇಕು. ಮನೆಯಲ್ಲಿ ಬೆಂಕಿ ಬಿತ್ತು. ಲೆಕ್ಕಿಗನಿಗೆ ದುಡ್ಡು ಕೊಟ್ಟು ಬರೆಸಿಕೊಂಡಿದ್ದಾನೆ ಅಂತ ದೊಡ್ಡಮ್ಮ. "ಮಾವನೇ ಅಮ್ಮನಿಗೆ ಕೊಟ್ಟದ್ದು, ನನಗೆ ಅದಕ್ಕಿಂತ ಹೆಚ್ಚು ಗೊತ್ತಿಲ್ಲ" ಅಂತ ಭಾವ. ಕೇಳೋರು ಯಾರು? ಹೋಗಿ ಬರೋದು ನಿಂತಿತು. ಊರ ಜಾತ್ರೆಯಲ್ಲಿ ಎದುರಿಗೆ ಸಿಕ್ಕರೆ ಮುಖ ತಿರುಗಿಸೋದು ಶುರುವಾಯಿತು. ಐದು ವರ್ಷ.

10ನೇ ಕಾಲಂನಲ್ಲಿ ಒಂದು ಎಂ.ಆರ್. ನಂಬರ್ ಇತ್ತು, 1987-88ರದ್ದು. ಎಂ.ಆರ್. ಅಂದ್ರೆ ಮ್ಯುಟೇಶನ್ ರಿಜಿಸ್ಟರ್, ಹಕ್ಕು ಬದಲಾವಣೆಯ ವಹಿ. ಕಂಪ್ಯೂಟರು ಹೇಳೋದು ಇಷ್ಟೇ, ಇಂಥ ನಂಬರಿನ ಪ್ರಕಾರ ಹೆಸರು ಬಂದಿದೆ ಅಂತ. ಆ ನಂಬರಿನ ಹಿಂದಿನ ಕಾಗದ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ. 2007ರಲ್ಲಿ ದೊಡ್ಡಮ್ಮನ ಹೆಸರಲ್ಲೇ ಮಾಹಿತಿ ಹಕ್ಕಿನ ಅರ್ಜಿ ಬರೆದೆ. ಅವರಿಗೆ ಸಹಿ ಹಾಕೋಕೆ ಮಾತ್ರ ಬರ್ತಿತ್ತು. (ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅಧಿಕಾರಿಯೇ ಬರೆದುಕೊಳ್ಳಲು ನೆರವಾಗಬೇಕು ಅಂತ 6ನೇ ಕಲಂ ಹೇಳುತ್ತೆ. ಹಾಗೆ ಹೇಳಿ ನೋಡಿದವರು ಯಾರಾದರೂ ಇದ್ದರೆ ತಿಳಿಸಿ!) ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಕಿಟಕಿಯಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ: "ಯಾಕೆ ಬೇಕಮ್ಮ ಇದೆಲ್ಲ?" ಕಾರಣ ಹೇಳಬೇಕಾಗಿಲ್ಲ ಅಂತ ಕಾನೂನಿನಲ್ಲೇ ಇದೆ ಸಾರ್ ಅಂದೆ. ಅವರು ನನ್ನನ್ನ ಮೇಲಿಂದ ಕೆಳಗೆ ನೋಡಿದ ನೋಟ ಇನ್ನೂ ಮರೆತಿಲ್ಲ. ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳದೆ ಜಾಗ ಬಿಟ್ಟು ಕದಲಲಿಲ್ಲ. ನೀವೂ ಅಷ್ಟು ಮಾಡಿ, ಅದೊಂದು ಸೀಲು ಇಲ್ಲದಿದ್ದರೆ ನೀವು ಅರ್ಜಿ ಕೊಟ್ಟೇ ಇಲ್ಲ ಅಂತ ಲೆಕ್ಕ.

ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ತಡವಾದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ಅಧಿಕಾರಿಯ ಜೇಬಿನಿಂದ ದಂಡ ಹಾಕೋ ಅಧಿಕಾರ ಮಾಹಿತಿ ಆಯೋಗಕ್ಕಿದೆ. ಅಮೃತಾಪುರದ ಕಾಲದ ಪಾಪದ ಎಚ್ಚರಿಕೆ ಈಗ ಈ ರೂಪ ತಾಳಿದೆ ಅನ್ನಿ. ದಂಡಕ್ಕೆ ಹೆದರಿಯೋ ಏನೋ, ಇಪ್ಪತ್ತೆಂಟನೇ ದಿನ ಉತ್ತರ ಬಂತು. ಅದೇ ಈ ಲಕೋಟೆ. ಕಡತ ಲಭ್ಯವಿಲ್ಲ.

ದೊಡ್ಡಮ್ಮ ಅಂದರು, "ನೋಡು, ಸುಟ್ಟು ಹಾಕಿಸಿದ್ದಾನೆ."

ನಾನು ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಿದೆ. ಅದಕ್ಕೆ ಮೂವತ್ತು ದಿನದ ಗಡುವು, ಅದೂ ಆಗದಿದ್ದರೆ ತೊಂಬತ್ತು ದಿನದೊಳಗೆ ಬೆಂಗಳೂರಿನ ಮಾಹಿತಿ ಆಯೋಗ. ಮೇಲ್ಮನವಿಯಲ್ಲಿ ಎರಡು ಮಾತು ಬರೆದೆ. ಕಡತ ನಾಶ ಮಾಡಿದ್ದರೆ ಯಾವ ಆದೇಶದ ಮೇಲೆ, ಯಾವ ದಿನ ಅನ್ನೋ ದಾಖಲೆ ಕೊಡಿ. ಇಲ್ಲವಾದರೆ ದಾಖಲೆ ಕೋಣೆಯ ವಹಿಗಳನ್ನ ನಾವೇ ಬಂದು ಪರಿಶೀಲಿಸೋಕೆ ಅವಕಾಶ ಕೊಡಿ. ನಕಲು ಮಾತ್ರ ಅಲ್ಲ, ಕೂತು ನೋಡೋದೂ ಕಾಯ್ದೆಯ ಪ್ರಕಾರ ಹಕ್ಕೇ. ಇಲ್ಲಿ ನಾನು ಕಲಿತ ಒಂದು ವಿಷಯ ಹೇಳಿಬಿಡ್ತೀನಿ: ಅರ್ಜಿಯಲ್ಲಿ 'ಯಾಕೆ' ಅಂತ ಕೇಳಬೇಡಿ, 'ಯಾವ ಕಾಗದ' ಅಂತ ಕೇಳಿ. ಯಾಕೆ ಅನ್ನೋದಕ್ಕೆ ಅವರು ಉತ್ತರ ಕೊಡಬೇಕಾಗಿಲ್ಲ. ಕಾಗದ ಇದ್ದರೆ ಕೊಡಲೇಬೇಕು. 2008ರಲ್ಲಿ ಕರ್ನಾಟಕ ಸರ್ಕಾರ ನಿಯಮ ತಿದ್ದಿ, ಅರ್ಜಿ ಒಂದೇ ವಿಷಯದ್ದಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು ಅಂತ ಮಾಡಿತು. ಮನೆಯ ಜಗಳದ ಕತೆಯನ್ನೆಲ್ಲ ಅರ್ಜಿಯಲ್ಲಿ ಬರೆಯೋ ನಮ್ಮ ಜನರಿಗೆ ಇದು ಶಿಕ್ಷೆಯೇ ಸರಿ. ಕನ್ನಡದಲ್ಲಿ ಪದಗಳನ್ನ ಸಂಧಿ ಮಾಡಿ ಉದ್ದ ಬರೆದರೆ ಸ್ವಲ್ಪ ಉಳಿತಾಯ ಆಗುತ್ತೆ ಅನ್ನೋದೊಂದೇ ಸಮಾಧಾನ :)

ಪರಿಶೀಲನೆಗೆ ಕರೆದರು. ದಾಖಲೆ ಕೋಣೆ ಅಂದರೆ ಬಲೆ, ಗೆದ್ದಲು, ಕೆಂಪು ಬಟ್ಟೆಯ ಗಂಟುಗಳು. ಅಲ್ಲಿದ್ದ ಅಟೆಂಡರ್ ಒಬ್ಬರು ವಯಸ್ಸಾದವರು, ಒಂದೂ ಮಾತಾಡದೆ ಏಣಿ ಹತ್ತಿ ಗಂಟು ಇಳಿಸಿದರು. ನಾಲ್ಕನೇ ಗಂಟಿನಲ್ಲಿ ಸಿಕ್ಕಿತು. ಅರ್ಧ ಗಂಟೆಯೂ ಆಗಲಿಲ್ಲ. ಹನ್ನೊಂದು ಹಾಳೆ, ಹಾಳೆಗೆ ಎರಡು ರೂಪಾಯಿಯಂತೆ 22 ರೂಪಾಯಿ ಕಟ್ಟಿದೆ.

ಅದರಲ್ಲಿ ದೊಡ್ಡಪ್ಪನ ಹೇಳಿಕೆ ಇತ್ತು. ನಮ್ಮ ತಂದೆಯ ಜಮೀನಿನಲ್ಲಿ ನನ್ನ ಅಕ್ಕನಿಗೆ 30 ಗುಂಟೆ ಸೇರಬೇಕು, ಆಕೆಗೆ ಗಂಡ ಇಲ್ಲ, ಖಾತೆ ಮಾಡಿಕೊಡಲು ನನ್ನ ತಕರಾರಿಲ್ಲ, ಅಂತ. ಕೆಳಗೆ ಅವರ ಸಹಿ. ಅವರ ಹೆಸರಿನ ಕೊನೆಯ ಅಕ್ಷರದ ಒತ್ತು ಯಾವಾಗಲೂ ಸಾಲಿನಿಂದ ಆಚೆ ಜಾರ್ತಿತ್ತು, ಇಲ್ಲೂ ಜಾರಿತ್ತು. ಅತ್ತೆ ತೀರಿಕೊಂಡ ಮೇಲೆ ಅದು ಭಾವನ ಹೆಸರಿಗೆ ಬಂದಿದೆ, ಅಷ್ಟೇ. ಹನ್ನೊಂದರಲ್ಲಿ ಒಂದು ಹಾಳೆ ನೋಟಿಸ್. ತಕರಾರು ಇದ್ದವರು 30 ದಿನದೊಳಗೆ ಹೇಳಿ ಅಂತ ಊರ ಚಾವಡಿಯ ಗೋಡೆಗೆ ಅಂಟಿಸಿದ್ದು. ಅಂದರೆ 1988ರಲ್ಲಿ ಈ ವಿಷಯ ಗುಟ್ಟೇನೂ ಆಗಿರಲಿಲ್ಲ, ಊರ ಗೋಡೆ ಮೇಲೇ ಇತ್ತು. ಚಾವಡಿ ಕಡೆ ಹೆಂಗಸರು ಹೋಗ್ತಿರಲಿಲ್ಲ. ಹೋಗಿದ್ದರೂ ದೊಡ್ಡಮ್ಮನಿಗೆ ಓದೋಕೆ ಬರ್ತಿರಲಿಲ್ಲ. ದೊಡ್ಡಪ್ಪ ಯಾಕೆ ಹೇಳಲಿಲ್ಲ? ಹೆಂಡತಿಗೆ ಹೆದರಿ ಅಂತ ನನ್ನ ಊಹೆ, ಅದಕ್ಕೆ ಯಾವ ಕಡತವೂ ಇಲ್ಲ.

ಈ ಅರ್ಜಿಯನ್ನ ಇವತ್ತು ಹಾಕಿದ್ದರೆ ಏನಾಗ್ತಿತ್ತು ಅಂತ ಈ ವಾರ ಯೋಚಿಸ್ತಿದ್ದೆ. ಒಂದು ಕಡೆ ಸುಲಭವಾಗಿದೆ. ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಭೂ ಸುರಕ್ಷಾ ಅಂತ ಹಳೇ ದಾಖಲೆ ಕೋಣೆಗಳ ಕಾಗದವನ್ನೆಲ್ಲ ಸ್ಕ್ಯಾನ್ ಮಾಡ್ತಿದ್ದಾರೆ. ನಮ್ಮ ಕಡೆಯವರಿಗೆ ಇದು ಬೇಕೇ ಬೇಕಿತ್ತು. 2017ರ ಬಜೆಟ್‌ನಲ್ಲಿ ಘೋಷಣೆಯಾಗಿ ತರೀಕೆರೆಯಿಂದ ಅಜ್ಜಂಪುರ ಬೇರೆ ತಾಲ್ಲೂಕಾಯಿತು. ತಾಲ್ಲೂಕು ಒಡೆದಾಗ ಕಡತಗಳೂ ಮನೆ ಬದಲಾಯಿಸಬೇಕು. ಮನೆ ಬದಲಾಯಿಸುವಾಗ ಪಾತ್ರೆ ಪಗಡ ಕಳೆದುಹೋಗೋದು ನಮಗೆಲ್ಲ ಗೊತ್ತಲ್ಲ. ಭದ್ರಾ ಮೇಲ್ದಂಡೆ ಕಾಲುವೆಗೆ ಜಮೀನು ಬಿಟ್ಟವರು, ಅಮೃತಮಹಲ್ ಕಾವಲಿನ ಅಂಚಿನಲ್ಲಿ ಉಳೋರು, ಇವರಿಗೆಲ್ಲ ಒಂದು ಹಳೇ ಹಾಳೆಯೇ ಜೀವ.

ಇನ್ನೊಂದು ಕಡೆ ಬಾಗಿಲು ಕಿರಿದಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನ ತಿದ್ದಿದೆ, ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೂ ಬಂತು. ಮೊದಲು ಬೇರೆಯವರ ವೈಯಕ್ತಿಕ ಮಾಹಿತಿ ಅನ್ನೋಕೆ ಷರತ್ತುಗಳಿದ್ದವು: ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇರಬಾರದು, ಕೊಟ್ಟರೆ ಖಾಸಗಿತನಕ್ಕೆ ಧಕ್ಕೆ ಆಗಬೇಕು, ಹೀಗೆ. ಈಗ ವೈಯಕ್ತಿಕ ಅಂದರೆ ಸಾಕು. ದೊಡ್ಡ ಸಾರ್ವಜನಿಕ ಹಿತ ಇದ್ದರೆ ಕೊಡಬಹುದು ಅನ್ನೋ 8(2) ಉಳಿದಿದೆ. ಆದರೆ 30 ಗುಂಟೆ ಜಮೀನಿಗೆ ದೊಡ್ಡ ಸಾರ್ವಜನಿಕ ಹಿತ ಎಲ್ಲಿಂದ ತರೋದು? ಕಂದಾಯ ದಾಖಲೆಯ ದೃಢೀಕೃತ ನಕಲು ಕೇಳೋ ಹಳೇ ದಾರಿ ಇದೆ, ಅದನ್ನ ಹಿಡೀಬೇಕು. ಆದರೆ 'ಇದು ಇನ್ನೊಬ್ಬರ ವೈಯಕ್ತಿಕ ಮಾಹಿತಿ' ಅಂತ ಹಿಂಬರಹ ಬರೆಯೋದು 'ಕಡತ ಲಭ್ಯವಿಲ್ಲ' ಅಂತ ಬರೆಯೋದಕ್ಕಿಂತ ಸುಲಭ. ಅದಕ್ಕೆ ಏಣಿ ಹತ್ತಿ ಗಂಟು ಇಳಿಸೋಕೂ ಹೇಳೋ ಹಾಗಿಲ್ಲ.

ಹನ್ನೊಂದು ಹಾಳೆಯನ್ನೂ ದೊಡ್ಡಮ್ಮನ ಮುಂದೆ ಇಟ್ಟು ಓದಿ ಹೇಳಿದ್ದೆ. ಹೇಳಿಕೆ ಬಂದಾಗ ಇನ್ನೊಂದು ಸಲ ಓದು ಅಂದರು. ಆಮೇಲೆ ಆ ಒಂದು ಹಾಳೆ ಮಾತ್ರ ಕೈಗೆ ತಗೊಂಡು, ಸಹಿ ಇದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. ಏನೂ ಹೇಳಲಿಲ್ಲ. ಎದ್ದು ದನಕ್ಕೆ ಹುಲ್ಲು ಹಾಕೋಕೆ ಹೋದರು.

ಅದೇ ವರ್ಷ ಬೀರೂರಿನಲ್ಲಿ ಭಾವನ ಮಗಳ ಮದುವೆ. ನಮಗೆ ಕರೆ ಬಂದಿತ್ತು, ದೊಡ್ಡಮ್ಮನಿಗೂ ಬಂದಿತ್ತು. ಬರಲ್ಲ ಅಂದವರು ಬೆಳಿಗ್ಗೆ ನಾವು ಹೊರಡೋ ಹೊತ್ತಿಗೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಛತ್ರದಲ್ಲಿ ಹುಡುಗಿಗೆ ಅಕ್ಷತೆ ಹಾಕಿದರು, ಭಾವ ಬಂದು ಕಾಲಿಗೆ ಬಿದ್ದಾಗ "ಆಯ್ತು, ಆಯ್ತು ಏಳಪ್ಪ" ಅಂದರು. ಊಟಕ್ಕೆ ಮಾತ್ರ ಕೂರಲಿಲ್ಲ. ಹಸಿವಿಲ್ಲ ಅಂದರು. ವಾಪಸ್ ಬರ್ತಾ ಬಸ್‌ಸ್ಟ್ಯಾಂಡಿನಲ್ಲಿ ಒಂದು ಡಜನ್ ಬಾಳೆಹಣ್ಣು ತಗೊಂಡು ನಾಲ್ಕು ತಿಂದರು.